ಒಂದು ಎಂಜಿನ್ನಿನ ವಂಶಾವಳಿ

ಶಾಲೆಯ ಚರಿತ್ರೆ ಪುಸ್ತಕದಲ್ಲಿ ಎಂಜಿನ್ನಿಗೆ ಸಿಗುವುದು ಒಂದೇ ಪುಟ. ಜೇಮ್ಸ್ ವ್ಯಾಟ್, ಉಗಿಯಂತ್ರ, ಕೈಗಾರಿಕಾ ಕ್ರಾಂತಿ, ಕೊನೆಗೆ ಐದು ಅಂಕದ ಒಂದು ಪ್ರಶ್ನೆ. ಇಪ್ಪತ್ತೆಂಟು ವರ್ಷಗಳಿಂದ ನಾನು ಅದನ್ನು ಪಾಠ ಮಾಡುತ್ತಿದ್ದೇನೆ. ಯಾರು ಕಂಡುಹಿಡಿದರು, ಯಾವ ಇಸವಿಯಲ್ಲಿ ಎಂಬುದನ್ನು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಕಂಡುಹಿಡಿದದ್ದು ಹಳತಾದ ಮೇಲೆ ಯಾರ ಕೈ ಸೇರಿತು, ಅದಕ್ಕೆ ಬೇಕಾದ ಸಾಮಾನು ಸಿಗದೆ ಹೋದಾಗ ಜನ ಏನು ಮಾಡಿದರು ಎಂಬುದು ಮಾತ್ರ ಯಾವ ಪಾಠದಲ್ಲೂ ಬರುವುದಿಲ್ಲ. ನಮ್ಮ ಹಿತ್ತಿಲ ಷೆಡ್ಡಿನಲ್ಲಿ ನಿಂತಿರುವ ಹಳೆಯ ಫಿಯೆಟ್ ಕಾರಿನ ದೆಸೆಯಿಂದ ಆ ಬಿಟ್ಟುಹೋದ ಪಾಠವನ್ನು ನಾನು ಓದಬೇಕಾಗಿ ಬಂತು.

ಈ ಎಂಜಿನ್ನಿನ ಹುಟ್ಟೂರು ಇಟಲಿಯ ಟ್ಯೂರಿನ್. ಹುಟ್ಟಿದ್ದು 1937ರಲ್ಲಿ. ಫಿಯೆಟ್ ಕಂಪನಿಯ ದಾಂತೆ ಜಕೋಸಾ ಎಂಬ ಎಂಜಿನಿಯರನ ತಂಡ ಸಿದ್ಧಪಡಿಸಿದ ಕಾರಿನಲ್ಲಿ ಅದು ಕುಳಿತಿತ್ತು. ಸಾಲಾಗಿ ನಾಲ್ಕು ಸಿಲಿಂಡರು. ಒಂದೊಂದರ ಬಾಯಿ 68 ಮಿಲಿಮೀಟರ್ ಅಗಲ, ಪಿಸ್ಟನ್ನಿನ ಓಡಾಟ 75 ಮಿಲಿಮೀಟರ್. ಲೆಕ್ಕ ಹಾಕಿದರೆ ಒಟ್ಟು 1089 ಸಿ.ಸಿ. ಇಟಲಿಯ ಜನ ಅದನ್ನು ರೌಂಡು ಮಾಡಿ 'ಮಿಲ್ಲೆಚೆಂತೊ', ಅಂದರೆ ಹನ್ನೊಂದುನೂರು ಎಂದು ಕರೆದರು. ಶಕ್ತಿ 32 ಕುದುರೆಗಳದ್ದು. ಸಂಸಾರವಂದಿಗರ ಕಾರು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅತ್ತೆಯ ಮನೆಗೆ ಹೋಗಿಬರಲು ಸಾಕು.

ನಮ್ಮ ದೇಶದಲ್ಲಿ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್, ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಐವತ್ತರ ದಶಕದಿಂದ ಫಿಯೆಟ್ 1100 ಕಾರುಗಳನ್ನು ಹೊರತಂದಿತು. 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ನಾವೆಲ್ಲ ಮಾತ್ರ ಫಿಯೆಟ್ ಎಂದೇ ಕರೆಯುತ್ತಿದ್ದೆವು. ನಡುವೆ ಎಷ್ಟೋ ತಿದ್ದುಪಡಿಗಳಾದರೂ ಆ 68 ಮತ್ತು 75ರ ಅಳತೆ ಬದಲಾಗಲಿಲ್ಲ. 2000ದ ಇಸವಿಯ ಸುಮಾರಿಗೆ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು.

ನಮ್ಮ ತಂದೆಯವರು ಹೆಸರು ಬರೆಸಿ, ವರ್ಷಗಟ್ಟಲೆ ಕಾದು, 1983ರಲ್ಲಿ ಬೂದು ಬಣ್ಣದ ಕಾರನ್ನು ಮನೆಗೆ ತಂದರು. ಅದರಲ್ಲೇ ಅಕ್ಕನನ್ನು ಧಾರೆಗೆ ಕರೆದೊಯ್ದದ್ದು, ನನ್ನನ್ನು ಬಿ.ಎಡ್. ಹಾಸ್ಟೆಲಿಗೆ ಬಿಟ್ಟು ಬಂದದ್ದು. ಅವರು ತೀರಿಕೊಂಡ ಮೇಲೆ ಕಾರು ಷೆಡ್ಡು ಸೇರಿತು. ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಟ್ಟುಬಿಡೋಣ ಎಂದು ಅಣ್ಣ ನಾಲ್ಕೈದು ಸಲ ಹೇಳಿದ್ದಾನೆ. ಅವನ ಮಗ, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಹುಡುಗ, ಅಡ್ಡ ನಿಂತ.

"ಅತ್ತೆ, ನೀವೊಂದು ಮಾತು ಹೇಳಿ ಅಪ್ಪಂಗೆ. ತಾತನ ಕಾರು ಬರೀ ಓಡೋದಲ್ಲ, ರೇಸಿಗೆ ಹೋಗೋ ಹಾಗೆ ಮಾಡ್ತೀನಿ" ಎಂದ.

ಅವನ ಪಟ್ಟಿ ನೋಡಿ ನನಗೆ ತಲೆ ತಿರುಗಿತು. ಎರಡು ಗಂಟಲಿನ ವೆಬರ್ ಕಾರ್ಬ್ಯುರೇಟರ್, ಹೆಚ್ಚು ಒತ್ತಡದ ಪಿಸ್ಟನ್ನುಗಳು, ದೊಡ್ಡ ವಾಲ್ವುಗಳು, ಬೇರೆ ಬಗೆಯ ಕ್ಯಾಮ್‌ಶಾಫ್ಟು. ಇವೆಲ್ಲ ಏನೆಂದು ಅವನೇ ಕೂರಿಸಿಕೊಂಡು ಹೇಳಿಕೊಟ್ಟ. ಎಂಜಿನ್ನು ಮದುವೆ ಛತ್ರದ ಊಟದ ಹಾಲಿನ ಹಾಗಂತೆ. ಒಂದು ಪಂಕ್ತಿ ಒಳಗೆ ಬರಬೇಕು, ಊಟ ಮುಗಿಸಬೇಕು, ಹೊರಗೆ ಹೋಗಬೇಕು. ವಾಲ್ವು ಎಂದರೆ ಬಾಗಿಲು. ಕ್ಯಾಮ್‌ಶಾಫ್ಟು ಬಾಗಿಲು ತೆಗೆದು ಹಾಕುವ ಆಳು. ಅವನು ಬಾಗಿಲನ್ನು ಎಷ್ಟು ಅಗಲ, ಎಷ್ಟು ಹೊತ್ತು ತೆರೆದಿಡುತ್ತಾನೆ ಎಂಬುದರ ಮೇಲೆ ಒಂದು ಗಂಟೆಯಲ್ಲಿ ಎಷ್ಟು ಪಂಕ್ತಿ ಏಳುತ್ತದೆ ಎನ್ನುವುದು ನಿಂತಿದೆ. ಕಾರ್ಬ್ಯುರೇಟರು ಗಾಳಿಗೂ ಪೆಟ್ರೋಲಿಗೂ ಹದ ಕೂಡಿಸುವ ಅಡಿಗೆಯವನು. ಇದರಲ್ಲಿ ಒಂದನ್ನು ಬದಲಿಸಿದರೆ ಉಳಿದವನ್ನೂ ಬದಲಿಸಲೇಬೇಕು, ಇಲ್ಲವಾದರೆ ನೂಕುನುಗ್ಗಲು. ಇಷ್ಟು ಚೆನ್ನಾಗಿ ಹೇಳುವ ಹುಡುಗ ಪಿ.ಯು.ಸಿ.ಯಲ್ಲಿ ಏಕೆ ಅಷ್ಟು ಕಡಿಮೆ ಅಂಕ ತೆಗೆದನೋ!

ಹುಡುಕಲು ಅವನು ಹಾಸನದಿಂದ ಬೆಂಗಳೂರಿಗೆ, ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋದ. ಒಂದು ಸಲ ನಾನೂ ಜೊತೆಗಿದ್ದೆ. ವಯಸ್ಸಾದ ಅಂಗಡಿಯವರೊಬ್ಬರು ಏಣಿ ಹತ್ತಿ ಅಟ್ಟದಿಂದ ಧೂಳು ಹಿಡಿದ ಪೊಟ್ಟಣಗಳನ್ನು ಇಳಿಸಿದರು. ಗ್ಯಾಸ್ಕೆಟ್, ರಿಂಗು, ಮಾಮೂಲು ಪಿಸ್ಟನ್ನು ಎಲ್ಲ ಇತ್ತು. "ಸಂಸಾರದ ಸಾಮಾನು ಇದೆ ತಾಯಿ, ರೇಸಿನ ಸಾಮಾನು ಈ ದೇಶಕ್ಕೆ ಯಾವತ್ತು ಬಂದಿತ್ತು?" ಎಂದರು. ಅವರು ಹೇಳಿದ್ದು ನಿಜ. 1991ಕ್ಕೆ ಮುಂಚೆ ಹೊರದೇಶದ ವಸ್ತು ತರಿಸಲು ಆಮದು ಲೈಸೆನ್ಸು ಬೇಕಾಗಿತ್ತು. ಮದರಾಸಿನ ಹತ್ತಿರ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳ ಓಡುದಾರಿಯ ಮೇಲೆ ರೇಸು ನಡೆಯುತ್ತಿದ್ದಾಗ ಇದೇ ಫಿಯೆಟ್‌ಗಳು ಓಡುತ್ತಿದ್ದವು. ಅವುಗಳಿಗೆ ಬೇಕಾದ ವೇಗವನ್ನು ಬಹುಪಾಲು ಇಲ್ಲಿನ ಮೇಸ್ತ್ರಿಗಳೇ ಲೇತಿನ ಮೇಲೆ, ಅರದಿಂದ ಉಜ್ಜಿ ಉಜ್ಜಿ ಸಂಪಾದಿಸಬೇಕಾಗಿತ್ತು.

ನನ್ನ ಚಿಂತೆ ದುಡ್ಡಿನದು ಮಾತ್ರವಲ್ಲ. ಒಳಗಿನದನ್ನೆಲ್ಲ ತೆಗೆದು ಹೊಸತು ತುಂಬಿದರೆ ಅದು ಅಪ್ಪನ ಕಾರಾಗಿ ಉಳಿಯುತ್ತದೆಯೆ? ಈ ಪ್ರಶ್ನೆಯನ್ನು ಅಣ್ಣನ ಮುಂದೆ ಇಟ್ಟರೆ ಅವನು ಗುಜರಿಯವನಿಗೇ ಫೋನು ಮಾಡುತ್ತಾನೆ. ಹಾಗಾಗಿ ಪುಸ್ತಕಗಳನ್ನು ತರಿಸಿ ಓದತೊಡಗಿದೆ.

ಓದುತ್ತ ಹೋದಂತೆ ಮೊದಲು ಸಿಕ್ಕಿದ ಹೆಸರು ಎಂಜೊ ಫೆರಾರಿ. ಕೆಂಪು ಬಣ್ಣದ, ಕೋಟಿಗಟ್ಟಲೆ ಬೆಲೆಯ ಕಾರುಗಳ ಫೆರಾರಿ! 1939ರಲ್ಲಿ ಆತ ಆಲ್ಫಾ ರೋಮಿಯೊ ಕಂಪನಿಯನ್ನು ಬಿಟ್ಟು ಹೊರಬಂದಿದ್ದ. ನಾಲ್ಕು ವರ್ಷ ತನ್ನ ಹೆಸರಿನಲ್ಲಿ ರೇಸಿನ ತಂಡ ಕಟ್ಟಬಾರದು ಎಂಬ ಕರಾರು ತಲೆಯ ಮೇಲಿತ್ತು. ಮೊದೆನಾ ಪಟ್ಟಣದಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದ. ಆ ವರ್ಷದ ಡಿಸೆಂಬರಿನಲ್ಲಿ ಇಬ್ಬರು ತರುಣರು ಬಂದು, ಏಪ್ರಿಲ್ ತಿಂಗಳ ಮಿಲ್ಲೆ ಮಿಲಿಯಾ ರೇಸಿಗೆ ತಮಗೆ ಒಂದೊಂದು ಕಾರು ಬೇಕು ಎಂದರು. ಒಬ್ಬ ಲೊತಾರಿಯೊ ರಂಗೋನಿ, ಶ್ರೀಮಂತ ಮನೆತನದವನು. ಇನ್ನೊಬ್ಬ ಆಲ್ಬರ್ಟೊ ಅಸ್ಕಾರಿ, ಇಪ್ಪತ್ತೊಂದು ವರ್ಷದ ಹುಡುಗ. ಏಳು ವರ್ಷದವನಿದ್ದಾಗ ತಂದೆಯನ್ನು ರೇಸಿನಲ್ಲೇ ಕಳೆದುಕೊಂಡಿದ್ದವನು. ಅವನ ತಾಯಿಯನ್ನು ನೆನೆದರೆ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾಲ್ಕು ತಿಂಗಳಲ್ಲಿ ಹೊಸ ಎಂಜಿನ್ನನ್ನು ಮೊದಲಿಂದ ಕಟ್ಟುವುದು ಸಾಧ್ಯವಿಲ್ಲದ ಮಾತು. ಫೆರಾರಿಯ ಎಂಜಿನಿಯರ್ ಆಲ್ಬರ್ಟೊ ಮಾಸಿಮಿನೊ ಅಂಗಡಿಯಲ್ಲಿ ಸಿಗುವ ವಸ್ತುವಿನ ಕಡೆ ನೋಡಿದ. ಸಿಗುತ್ತಿದ್ದದ್ದು ಮಿಲ್ಲೆಚೆಂತೊ. ನಾಲ್ಕು ಸಿಲಿಂಡರಿನ ಎರಡು ಎಂಜಿನ್ನುಗಳ ತಲೆಗಳನ್ನು ಒಂದರ ಹಿಂದೆ ಒಂದು ಇಟ್ಟು, ಕೆಳಗೆ ಅಲ್ಯೂಮಿನಿಯಮ್ಮಿನ ಹೊಸ ಬ್ಲಾಕು ಎರಕ ಹೊಯ್ಯಿಸಿ, ಉದ್ದನೆಯ ಹೊಸ ಕ್ರ್ಯಾಂಕ್‌ಶಾಫ್ಟು ಮಾಡಿಸಿ, ಎಂಟು ಸಿಲಿಂಡರಿನ ಒಂದೂವರೆ ಲೀಟರ್ ಎಂಜಿನ್ನು ಕಟ್ಟಿದರು. ಎಂಟು, ಒಂದೂವರೆ: ಕಾರಿಗೆ 815 ಎಂದು ಹೆಸರು. ಫೆರಾರಿ ಎಂಬ ಹೆಸರು ಎಲ್ಲೂ ಇಲ್ಲ. ಎರಡು ಹಳೆಯ ಸೀರೆಯ ಸೆರಗು ಸೇರಿಸಿ ಕೌದಿ ಹೊಲಿದಂಥ ಕೆಲಸ. ಆದರೆ ಆ ಹೊಲಿಗೆಗೆ ಎಂಥ ಕೈಬೇಕು ಎಂದು ಹೊಲಿದವರಿಗೇ ಗೊತ್ತು.

1940ರ ಏಪ್ರಿಲ್ 28ರಂದು ಬ್ರೆಶಿಯಾದಲ್ಲಿ ರೇಸು. ಎರಡೂ ಕಾರುಗಳು ತಮ್ಮ ವರ್ಗದಲ್ಲಿ ಮುಂದಿದ್ದವು; ಎರಡೂ ಎಂಜಿನ್ನುಗಳು ಕೈಕೊಟ್ಟವು. ಅಸ್ಕಾರಿಯದು ಬೇಗನೆ, ರಂಗೋನಿಯದು ಗೆಲುವು ಕಣ್ಣಳತೆಯಲ್ಲಿದ್ದಾಗ. ಆರು ವಾರಗಳಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ರಂಗೋನಿ ಯುದ್ಧಕಾಲದಲ್ಲೇ ತೀರಿಕೊಂಡ. ಅವನ ಕಾರು ಮುಂದೆ ಗುಜರಿಗೆ ಹೋಯಿತು. ಫೆರಾರಿ ಕಟ್ಟಿದ ಮೊತ್ತಮೊದಲ ಎರಡು ಕಾರುಗಳಲ್ಲಿ ಒಂದು, ಗುಜರಿಗೆ! ಇದನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಇನ್ನೊಂದು ಕಾರು ಇಟಲಿಯ ಸಂಗ್ರಹವೊಂದರಲ್ಲಿ ಉಳಿದಿದೆ. ಅಸ್ಕಾರಿ 1952 ಮತ್ತು 1953ರಲ್ಲಿ, ಈ ಸಲ ಫೆರಾರಿ ಎಂಬ ಹೆಸರು ಹೊತ್ತ ಕಾರಿನಲ್ಲೇ, ವಿಶ್ವ ಚಾಂಪಿಯನ್ ಆದ.

ಯುದ್ಧ ಮುಗಿದಾಗ ಇಟಲಿಯಲ್ಲಿ ಏನೂ ಸಿಗುತ್ತಿರಲಿಲ್ಲ. ಬಾಂಬು ಬಿದ್ದ ಕಾರ್ಖಾನೆಗಳು, ಉಕ್ಕಿಗೆ ಬರ, ಟೈರಿಗೆ ಬರ. ಆದರೂ ಟ್ಯೂರಿನ್ನಿನ ಪಿಯೆರೊ ದೂಸಿಯೊ ಎಂಬ ವ್ಯಾಪಾರಿಗೆ ರೇಸಿನ ಹುಚ್ಚು. ಆತ ಹಿಂದೆ ಯುವೆಂಟಸ್ ತಂಡದಲ್ಲಿ ಫುಟ್‌ಬಾಲ್ ಆಡಿದವನು. ಫಿಯೆಟ್ಟಿನ ಜಕೋಸಾನನ್ನೇ ಹಿಡಿದ. ಜಕೋಸಾ ತನ್ನ ಕೆಲಸದಲ್ಲಿ ಇದ್ದುಕೊಂಡೇ, ತಾನೇ ರೂಪಿಸಿದ ಎಂಜಿನ್ನಿಗೆ ರೇಸಿನ ಮೈ ಕಟ್ಟಿಕೊಟ್ಟ. ದೂಸಿಯೊಗೆ ಸೈಕಲ್ ಕಾರ್ಖಾನೆಯೂ ಇತ್ತು. ಸೈಕಲ್ಲಿಗೆ ಬಳಸುವಂಥ ಉಕ್ಕಿನ ಕೊಳವೆಗಳನ್ನೇ ಬೆಸೆದು ಚಾಸಿಸ್ ಮಾಡಿದರು. ಇದೇ ಚಿಸಿತಾಲಿಯಾ ಡಿ 46. ಮನೆಯ ಕಾರಿನಲ್ಲಿ 32 ಇದ್ದ ಕುದುರೆಗಳು ಇಲ್ಲಿ ಅರವತ್ತರ ಹತ್ತಿರ ಬಂದವು.

1946ರ ಸೆಪ್ಟೆಂಬರಿನಲ್ಲಿ ಟ್ಯೂರಿನ್ನಿನಲ್ಲಿ ಅದರ ಮೊದಲ ಓಟ. ಮಾಲೀಕ ದೂಸಿಯೊನೇ ಗೆದ್ದ. ಆದರೆ ಇಟಲಿಯವರು ಇವತ್ತಿಗೂ ನೆನೆಯುವುದು ತಾತ್ಸಿಯೊ ನುವೊಲಾರಿಯನ್ನು. ಓಟದ ನಡುವೆ ಸ್ಟಿಯರಿಂಗ್ ಚಕ್ರ ಕಿತ್ತು ಕೈಗೆ ಬಂತು. ಆತ ಅದನ್ನು ಗಾಳಿಯಲ್ಲಿ ಬೀಸುತ್ತ, ಉಳಿದ ದಂಡನ್ನು ಇನ್ನೊಂದು ಕೈಯಲ್ಲಿ ಹಿಡಿದು ಕಾರು ಓಡಿಸಿದ. ಮರುವರ್ಷ ಮಿಲ್ಲೆ ಮಿಲಿಯಾದಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಆರೋಗ್ಯ ಕೆಟ್ಟಿದ್ದರೂ, ಇದೇ ಎಂಜಿನ್ನಿನ ಪುಟ್ಟ ಕಾರಿನಲ್ಲಿ ಎರಡನೆಯವನಾಗಿ ಬಂದ. ಗೆದ್ದ ಆಲ್ಫಾ ಕಾರಿನ ಎಂಜಿನ್ನು ಇದರ ಎರಡೂವರೆ ಪಟ್ಟಿಗಿಂತ ದೊಡ್ಡದು. ಅದೇ ಎಂಜಿನ್ನಿನ ಮೇಲೆ ಪಿನಿನ್‌ಫರೀನಾ ಹೊದಿಸಿದ ಇನ್ನೊಂದು ಮೈಯನ್ನು ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ 1951ರಲ್ಲಿ ಪ್ರದರ್ಶನಕ್ಕಿಟ್ಟಿತು. ಒಳಗಿದ್ದದ್ದು ನಮ್ಮ ಷೆಡ್ಡಿನಲ್ಲಿರುವ ಎಂಜಿನ್ನಿನ ಅಜ್ಜ ಎಂದು ನೋಡಲು ಬಂದವರಿಗೆ ತಿಳಿದಿರಲಾರದು.

ಹೆಂಗಸರು ಈ ಕಥೆಯಲ್ಲಿ ಇಲ್ಲವೆ ಎಂದು ನೀವು ಕೇಳಬಹುದು. ನೇಪಲ್ಸಿನ ಮರಿಯಾ ತೆರೇಸಾ ದೆ ಫಿಲಿಪ್ಪಿಸ್ ಇದ್ದಾಳೆ. ನಿನ್ನಿಂದ ವೇಗವಾಗಿ ಓಡಿಸಲು ಆಗುವುದಿಲ್ಲ ಎಂದು ಅಣ್ಣಂದಿರು ಪಂಥ ಕಟ್ಟಿದರು. 1948ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಫಿಯೆಟ್ಟಿನ ಅತಿ ಸಣ್ಣ ನಾಲ್ಕು ಸಿಲಿಂಡರಿನ ಕಾರು 500 ಹತ್ತಿ ತನ್ನ ಮೊದಲ ರೇಸಿನಲ್ಲೇ ಗೆದ್ದಳು. 1958ರಲ್ಲಿ ಬೆಲ್ಜಿಯಮ್ಮಿನ ಗ್ರ್ಯಾಂಡ್ ಪ್ರಿಯಲ್ಲಿ ಓಡಿ, ಫಾರ್ಮುಲಾ ಒನ್ ಚಾಂಪಿಯನ್‌ಷಿಪ್ಪಿನ ಓಟದಲ್ಲಿ ಪಾಲ್ಗೊಂಡ ಮೊದಲ ಹೆಣ್ಣಾದಳು. ಅಣ್ಣಂದಿರ ಹೆಸರು ಯಾರಿಗೆ ನೆನಪಿದೆ?

ದೂಸಿಯೊನ ಕಂಪನಿ 1949ರಲ್ಲಿ ಸಾಲದಲ್ಲಿ ಮುಳುಗಿತು. ಅಲ್ಲಿದ್ದ ಕಾರ್ಲೊ ಅಬಾರ್ತ್, ಉಳಿದ ಸಾಮಾನು ಸರಂಜಾಮು ಹಿಡಿದು ತನ್ನ ಅಂಗಡಿ ತೆರೆದ. ಅವನ ಜಾಣತನ ನೋಡಿ. ರೇಸಿನ ಕಾರು ಕೊಳ್ಳಲಾರದವನಿಗೂ ರೇಸಿನ ಆಸೆ ಇರುತ್ತದೆ. ಫಿಯೆಟ್ಟಿನ ಸಣ್ಣ ಕಾರುಗಳಿಗೆ ಬೇಕಾದ ಪಿಸ್ಟನ್ನು, ಕ್ಯಾಮ್‌ಶಾಫ್ಟು, ಕಾರ್ಬ್ಯುರೇಟರು, ಹೊಗೆ ಕೊಳವೆ ಎಲ್ಲವನ್ನೂ ಜೋಡಿಸಿ ಪೆಟ್ಟಿಗೆಯಲ್ಲಿಟ್ಟು ಮಾರಿದ. ನಮ್ಮಲ್ಲಿ ಮದುವೆ ಸಾಮಾನನ್ನು ಸೆಟ್ಟಾಗಿ ಕೊಡುವುದಿಲ್ಲವೆ, ಹಾಗೆ. ಕಾರ್ಬ್ಯುರೇಟರಿನ ವೆಬರ್ ಎಂಬುದೂ ಒಬ್ಬ ಮನುಷ್ಯನ ಹೆಸರು. ಬೊಲೊನ್ಯಾದ ಎದುವಾರ್ದೊ ವೆಬರ್ 1945ರ ಮೇ ತಿಂಗಳಲ್ಲಿ ಕಣ್ಮರೆಯಾದ, ಮತ್ತೆ ಯಾರೂ ಅವನನ್ನು ನೋಡಲಿಲ್ಲ. ಅವನ ಹೆಸರಿನ ಕಾರ್ಬ್ಯುರೇಟರನ್ನು ನನ್ನ ಸೋದರಳಿಯ ಹಗಲೂ ರಾತ್ರಿ ಹುಡುಕುತ್ತಿದ್ದಾನೆ.

1958ರಲ್ಲಿ ಮಧ್ಯಮವರ್ಗದ ಹುಡುಗರಿಗಾಗಿ ಫಾರ್ಮುಲಾ ಜೂನಿಯರ್ ಎಂಬ ರೇಸು ಬಂತು. ಮನೆಯ ಕಾರಿನ ಎಂಜಿನ್ನನ್ನೇ ಬಳಸಬೇಕು ಎಂಬ ನಿಯಮ. ಮೊದೆನಾದ ಸ್ಟಾಂಗ್ವೆಲ್ಲಿನಿ ಮಿಲ್ಲೆಚೆಂತೊ ಇಟ್ಟು ಎರಡು ವರ್ಷ ಮೆರೆದ. ಆಮೇಲೆ ಇಂಗ್ಲೆಂಡಿನವರು ಎಂಜಿನ್ನನ್ನು ಚಾಲಕನ ಬೆನ್ನ ಹಿಂದಿಟ್ಟು ಬಂದರು. ರೇಸಿನ ಅಂಗಳದಲ್ಲಿ ಹನ್ನೊಂದುನೂರರ ಆಟ ಮುಗಿಯಿತು.

ಆ ಕಾಲದಲ್ಲಿ ಮಾಡಿದ ಭಾಗಗಳು ಎಷ್ಟೆಂದು ಉಳಿದಾವು? ಇಟಲಿಯ ಇಮೋಲಾದಂಥ ಊರುಗಳಲ್ಲಿ ಹಳೆಯ ಬಿಡಿಭಾಗಗಳ ಸಂತೆ ಸೇರುತ್ತದೆ. ನೆಲದ ಮೇಲೆ ಚಾದರ ಹಾಸಿ, ನಮ್ಮ ಜಾತ್ರೆಯಲ್ಲಿ ಬಳೆ ಹರಡಿದ ಹಾಗೆ ಗೇರು, ದೀಪ, ಕಾರ್ಬ್ಯುರೇಟರು ಹರಡುತ್ತಾರೆ. ಅಸಲಿಯ ನಡುವೆ ನಕಲಿಯೂ ಇರುತ್ತದೆ. ಅಲ್ಲಿಗೆ ಹೋಗಿಬರುವವರೊಬ್ಬರ ಪರಿಚಯ ಮಾಡಿಕೊಂಡು ನಮ್ಮ ಹುಡುಗ ಒಂದು ವೆಬರ್ ತರಿಸಿದ. ಮೂರು ತಿಂಗಳು ಹಿಡಿಯಿತು, ಸುಂಕ ಬೇರೆ. ಪಿಸ್ಟನ್ನುಗಳನ್ನು ಕೊಯಮತ್ತೂರಿನಲ್ಲಿ ಅಳತೆ ಕೊಟ್ಟು ಮಾಡಿಸಿದ್ದಾನೆ.

ಹಣದಲ್ಲಿ ನನ್ನ ಪಾಲೂ ಇದೆ. ಅದಕ್ಕೆ ಎರಡು ಷರತ್ತು ಹಾಕಿದೆ. ಊರಿನ ರಸ್ತೆಯಲ್ಲಿ ಅಲ್ಲ, ರೇಸಿನ ದಾರಿಯಲ್ಲಿ ಮಾತ್ರ ಈ ಆಟ. ಮತ್ತು ಕಾರಿನಿಂದ ಬಿಚ್ಚಿದ ಒಂದು ಮೊಳೆಯನ್ನೂ ಮಾರಬಾರದು. ಅಪ್ಪನ ಪಿಸ್ಟನ್ನುಗಳು, ವಾಲ್ವುಗಳು, ಕಾರ್ಬ್ಯುರೇಟರು ಎಲ್ಲ ಎಣ್ಣೆ ಸವರಿದ ಹಳೆಯ ವಾಯಿಲ್ ಸೀರೆಯ ತುಂಡುಗಳಲ್ಲಿ ಸುತ್ತಿ, ಚೀಟಿ ಅಂಟಿಸಿಕೊಂಡು, ಟ್ರಂಕಿನಲ್ಲಿ ಕುಳಿತಿವೆ. ಚೀಟಿ ಬರೆದವಳು ನಾನೇ, ಅಕ್ಷರ ದುಂಡಗಿದೆ ಎಂದು.

ಕ್ಯಾಮ್‌ಶಾಫ್ಟ್ ಮಾತ್ರ ಇನ್ನೂ ಸಿಕ್ಕಿಲ್ಲ. ಇಟಲಿಯಲ್ಲಿ ಒಂದು ಇದೆಯಂತೆ. ಬೆಲೆ ಕೇಳಿ ಅಣ್ಣ ಎದ್ದು ಒಳಗೆ ಹೋದ. ಹಳೆಯದನ್ನೇ ಹೊಸ ಆಕಾರಕ್ಕೆ ಅರೆಸಬಹುದು ಎನ್ನುತ್ತಾನೆ ಹುಡುಗ. ಅರೆಸಿದರೆ ಅಪ್ಪನ ಕ್ಯಾಮ್‌ಶಾಫ್ಟು ಟ್ರಂಕಿಗೆ ಬರುವುದಿಲ್ಲ. ಎರಡು ವಾರದಿಂದ ಅದು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಇದೆ.