ಹಬಕ್ಕೂಕ: ಅರ್ಧ ವಚನದಾಚೆ

ಹಬಕ್ಕೂಕನ ಪುಸ್ತಕದಲ್ಲಿರುವುದು ಮೂರೇ ಅಧ್ಯಾಯ, 56 ವಚನ. ಪ್ರಸಂಗಗಳಲ್ಲೂ ಗೋಡೆಯ ಕ್ಯಾಲೆಂಡರುಗಳಲ್ಲೂ ಚಲಾವಣೆಯಲ್ಲಿರುವುದು ಮಾತ್ರ ಎರಡನೆಯ ಅಧ್ಯಾಯದ ನಾಲ್ಕನೆಯ ವಚನದ ಉತ್ತರಾರ್ಧ. ಹೆಚ್ಚೆಂದರೆ ಕೊನೆಯಲ್ಲಿ ಬರುವ ಅಂಜೂರದ ಸಾಲು. ಅನ್ಯಾಯ ಕಂಡೂ ಏಕೆ ಸುಮ್ಮನಿದ್ದೀ ಎಂದು ದೇವರನ್ನೇ ತರಾಟೆಗೆ ತೆಗೆದುಕೊಂಡವನು ಈಗ ಮನಶ್ಶಾಂತಿಯ ಗುರುವಾಗಿಬಿಟ್ಟಿದ್ದಾನೆ. ಈ ಪಾಡು ಅವನಿಗೆ ಹೇಗೆ ಬಂತು ಎಂಬುದನ್ನು ಒಮ್ಮೆ ನೋಡಬೇಕು.

ಆರಂಭದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ ಆ ಅರ್ಧ ವಚನವನ್ನು ಎತ್ತಿಕೊಂಡ, ಇಬ್ರಿಯರ ಪತ್ರದಲ್ಲೂ ಅದು ಬಂತು. ತಾಲ್ಮೂದಿನ ರಬ್ಬಿಗಳು 613 ಆಜ್ಞೆಗಳನ್ನು ಹಬಕ್ಕೂಕ ಒಂದಕ್ಕಿಳಿಸಿದನೆಂದು ಕೊಂಡಾಡಿದ್ದೂ ಅದನ್ನೇ ಹಿಡಿದು. ಲೂಥರನ ನಂತರವಂತೂ ಪುಸ್ತಕದ ಉಳಿದ ಭಾಗಕ್ಕೆ ಕೆಲಸವೇ ಇಲ್ಲದಂತಾಯಿತು. ಜನಪದ ಕಲ್ಪನೆಯ ದಾರಿ ಬೇರೆ: ಸಿಂಹದ ಗವಿಯಲ್ಲಿದ್ದ ದಾನಿಯೇಲನಿಗೆ ಊಟ ಮುಟ್ಟಿಸಲು ದೇವದೂತ ಇವನನ್ನು ಜುಟ್ಟು ಹಿಡಿದು ಬಾಬೆಲಿಗೆ ಹಾರಿಸಿಕೊಂಡು ಹೋದ ಕಥೆ. ರೋಮಿನ ಸಾಂತಾ ಮರಿಯಾ ದೆಲ್ ಪೊಪೊಲೊ ಚರ್ಚಿನಲ್ಲಿ ಬೆರ್ನಿನಿ ಕಡೆದ ಶಿಲ್ಪದಲ್ಲಿ ಆ ಜುಟ್ಟನ್ನು ಇಂದಿಗೂ ನೋಡಬಹುದು.

ಆಧುನಿಕ ವಿಮರ್ಶೆ ಬಂದ ಮೇಲೆ ಪುಸ್ತಕವನ್ನು ಕತ್ತರಿಸುವ ಕೆಲಸ ಶುರುವಾಯಿತು. 1906ರಲ್ಲಿ ಬರ್ನ್‌ಹಾರ್ಡ್ ದೂಮ್ ‘ಕಸ್ದೀಯರು’ ಎಂದಿದ್ದಲ್ಲಿ ‘ಕಿತ್ತೀಮರು’ ಎಂದು ತಿದ್ದಿ, ಪ್ರವಾದಿಯನ್ನು ಅಲೆಕ್ಸಾಂಡರನ ಕಾಲಕ್ಕೆ ಎಳೆದು ತಂದರು. ಇಂಥ ಜಾಣತನಕ್ಕೆ ಆ ಕಾಲದಲ್ಲಿ ಬರವಿರಲಿಲ್ಲ.

1947ರಲ್ಲಿ ಕುಮ್ರಾನಿನ ಗುಹೆಯಿಂದ ಹಬಕ್ಕೂಕನ ವ್ಯಾಖ್ಯಾನದ ಸುರುಳಿ ಹೊರಬಂತು. 1950ರಲ್ಲಿ ಮಿಲ್ಲರ್ ಬರೋಸ್ ಅದನ್ನು ಪ್ರಕಟಿಸಿದರು. ನಮ್ಮ ಪೀಳಿಗೆಯವರು ಓದು ಕಲಿತದ್ದು ಅದರ 13 ಅಂಕಣಗಳ ಮೇಲೆ. ಕೆಳಅಂಚು ತಿಂದುಹೋಗಿದೆ, ಕೊನೆಯ ಅಂಕಣದಲ್ಲಿ ನಾಲ್ಕೇ ಸಾಲು. ಇಡೀ ಬರಹ ಚೌಕಾಕಾರದ ಲಿಪಿಯಲ್ಲಿದ್ದರೂ ಮೂಲ ವಚನಗಳಲ್ಲಿ ದೇವರ ಹೆಸರು ಬಂದಾಗ ಮಾತ್ರ ಬರಹಗಾರ ಪುರಾತನ ಹೀಬ್ರೂ ಅಕ್ಷರಕ್ಕೆ ಹೊರಳುತ್ತಾನೆ. ಮೂಲದಲ್ಲಿ ‘ಕಸ್ದೀಯರು’ ಎಂದೇ ಇದೆ. ‘ಕಿತ್ತೀಮರು’ ಬರುವುದು ವ್ಯಾಖ್ಯಾನದಲ್ಲಿ! ದೂಮರ ತಿದ್ದುಪಡಿ ಅಲ್ಲಿಗೆ ಬಿತ್ತು. ಈ ಕಿತ್ತೀಮರು ತಮ್ಮ ಸೈನ್ಯದ ಧ್ವಜಗಳಿಗೆ ಬಲಿ ಕೊಡುವವರು, ಅಂದರೆ ರೋಮನರು. ತನ್ನ ಕಾಲದ ದಬ್ಬಾಳಿಕೆಯನ್ನು ಆ ಸಮುದಾಯ ಹಳೆಯ ದೂರಿನಲ್ಲಿ ಓದಿಕೊಂಡಿತು. ಪೌಲ ಎತ್ತಿಕೊಂಡ ಅರ್ಧ ವಚನವೂ ಅಲ್ಲಿದೆ, ಆದರೆ ಅದೇ ಸರ್ವಸ್ವವಲ್ಲ. ನನ್ನ ಮಟ್ಟಿಗೆ ಹಬಕ್ಕೂಕನಿಗೆ ಸಿಕ್ಕ ಅತ್ಯುತ್ತಮ ಓದುಗರು ಅವರೇ.

ಸುರುಳಿಯಲ್ಲಿ ಮೂರನೆಯ ಅಧ್ಯಾಯವಿಲ್ಲ. ಅದನ್ನೇ ಹಿಡಿದು ಆ ಅಧ್ಯಾಯ ಆಮೇಲಿನ ಸೇರ್ಪಡೆ ಎಂದವರುಂಟು. ನಹಲ್ ಹೆವೆರಿನ ಗ್ರೀಕ್ ಸುರುಳಿಯಲ್ಲೂ ಮುರಬ್ಬಾತಿನ ಹೀಬ್ರೂ ಸುರುಳಿಯಲ್ಲೂ ಆ ಅಧ್ಯಾಯದ ಭಾಗಗಳು ಸಿಕ್ಕ ಮೇಲೂ ಅದನ್ನೇ ಹೇಳುವುದು ಹಟ ಅಷ್ಟೆ. ಆಲ್‌ಬ್ರೈಟ್ 1950ರಲ್ಲಿ, ಥಿಯೊಡೋರ್ ಹೀಬರ್ಟ್ 1986ರಲ್ಲಿ ಆ ಕೀರ್ತನೆಯಲ್ಲಿ ಕಾನಾನಿನ ಹಳೆಯ ಯುದ್ಧಗೀತೆಯ ದನಿಯನ್ನು ಗುರುತಿಸಿದರು. ದೇವರು ಅಲ್ಲಿ ತೇಮಾನಿನಿಂದ ಬರುತ್ತಾನೆ. 1970ರ ದಶಕದಲ್ಲಿ ಕುಂತಿಲ್ಲೆತ್ ಅಜ್ರೂದಿನಲ್ಲಿ ಸಿಕ್ಕ ಬರಹಗಳಲ್ಲೂ ‘ತೇಮಾನಿನ ಯೆಹೋವ’ ಇದ್ದಾನೆ. ಆಮೇಲೆ ಬಂದದ್ದು ಹನ್ನೆರಡು ಕಿರುಪ್ರವಾದಿಗಳನ್ನೂ ಒಂದೇ ಪುಸ್ತಕವಾಗಿ ಓದುವ ಪಂಥ. ಅದರಿಂದ ಕಲಿತದ್ದುಂಟು, ಆದರೆ ಗುಂಪಿನಲ್ಲಿ ಹಬಕ್ಕೂಕನ ಸ್ವಂತ ದನಿ ಕೇಳಿಸುವುದಿಲ್ಲ.

ಇಷ್ಟೆಲ್ಲದರ ನಡುವೆ ಎರಡನೆಯ ಅಧ್ಯಾಯದ ಐದು ಧಿಕ್ಕಾರಗಳು ಅನಾಥವಾಗಿವೆ. ಅಡವಿಟ್ಟುಕೊಂಡ ಮಾಲಿನಿಂದ ಕೊಬ್ಬಿದವನಿಗೆ ಸಾಲಗಾರರೇ ತಿರುಗಿಬೀಳುವುದು, ರಕ್ತ ಸುರಿಸಿ ಊರು ಕಟ್ಟುವುದು, ಇವನ್ನು ಅರ್ಥಶಾಸ್ತ್ರದ ಕಣ್ಣಿನಿಂದ ಓದಿದವರು ವಿರಳ. ಹದಿನೇಳನೆಯ ವಚನ ಲೆಬನೋನಿಗೂ ಅಲ್ಲಿನ ಪ್ರಾಣಿಗಳಿಗೂ ಆದ ಹಿಂಸೆಯ ಲೆಕ್ಕ ಕೇಳುತ್ತದೆ. ಲೆಬನೋನಿನ ವಾದಿ ಬ್ರಿಸಾದ ಬಂಡೆಗಳಲ್ಲಿ ನೆಬೂಕದ್ನೆಚ್ಚರನ ಶಾಸನಗಳಿವೆ. ದೇವದಾರುಗಳನ್ನು ಕಡಿಸಿ, ಬೆಟ್ಟ ಸೀಳಿ ದಾರಿ ಮಾಡಿಸಿ ಬಾಬೆಲಿಗೆ ಸಾಗಿಸಿದೆನೆಂದು ಅವನು ಅಲ್ಲಿ ಬೀಗುತ್ತಾನೆ. ಆ ಶಾಸನಗಳು 19ನೆಯ ಶತಮಾನದಿಂದಲೇ ಬೆಳಕಿನಲ್ಲಿವೆ. ಹದಿನೇಳನೆಯ ವಚನಕ್ಕೆ ನಮ್ಮ ಬಹುಪಾಲು ಭಾಷ್ಯಗಳು ಕೊಡುವ ಜಾಗ ಅರ್ಧ ಪುಟ, ನಾಲ್ಕನೆಯದಕ್ಕೆ ಅಧ್ಯಾಯಗಟ್ಟಲೆ.