ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ: ಪಾತ್ರ ಮತ್ತು ಅಧಿಕಾರಗಳು

ಪೀಠಿಕೆ

ಸಂವಿಧಾನದ 114ನೆಯ ಅನುಚ್ಛೇದದ ಮೇರೆಗೆ, ಕಾನೂನಿನ ಮೂಲಕ ಧನವಿನಿಯೋಗವಾಗದ ಹೊರತು ಭಾರತದ ಸಂಚಿತ ನಿಧಿಯಿಂದ ಯಾವ ಹಣವನ್ನೂ ತೆಗೆಯುವಂತಿಲ್ಲ. ಹೀಗೆ ಮಂಜೂರಾದ ಹಣವು ಉದ್ದೇಶಿತ ಕಾರ್ಯಕ್ಕೇ ವೆಚ್ಚವಾಗಿದೆಯೇ ಎಂಬುದನ್ನು ಸಂಸತ್ತಿನ ಪರವಾಗಿ ಪರಿಶೀಲಿಸುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಹೊಣೆಯಾಗಿದೆ.

ಹಿನ್ನೆಲೆ

ಈ ಸಮಿತಿಯು ಮೊದಲಿಗೆ 1921ರಲ್ಲಿ ಅಸ್ತಿತ್ವಕ್ಕೆ ಬಂದಿತು. ಆಗ ವೆಚ್ಚದ ಹೊಣೆ ಹೊತ್ತ ಹಣಕಾಸು ಸದಸ್ಯರೇ ಅದರ ಅಧ್ಯಕ್ಷರಾಗಿದ್ದರು. 1950ರಲ್ಲಿ ಸಂವಿಧಾನ ಜಾರಿಗೆ ಬಂದ ಬಳಿಕ ಸಮಿತಿಯು ಲೋಕಸಭಾಧ್ಯಕ್ಷರ ನಿಯಂತ್ರಣಕ್ಕೆ ಒಳಪಟ್ಟ ಸಂಸದೀಯ ಸಮಿತಿಯಾಯಿತು.

ರಚನೆ

ಸಮಿತಿಯಲ್ಲಿ ಲೋಕಸಭೆಯ 15 ಮತ್ತು ರಾಜ್ಯಸಭೆಯ 7, ಒಟ್ಟು 22 ಸದಸ್ಯರಿರುತ್ತಾರೆ. ಏಕ ವರ್ಗಾವಣೀಯ ಮತದ ಪ್ರಮಾಣಾನುಸಾರಿ ಪ್ರಾತಿನಿಧ್ಯ ಪದ್ಧತಿಯಂತೆ ಅವರು ಚುನಾಯಿತರಾಗುವುದರಿಂದ ಪ್ರಮುಖ ಪಕ್ಷಗಳಿಗೆಲ್ಲ ಸ್ಥಾನ ದೊರೆಯುತ್ತದೆ. ಸದಸ್ಯತ್ವದ ಅವಧಿಯು ಒಂದು ವರ್ಷವನ್ನು ಮೀರುವಂತಿಲ್ಲ. ಸಚಿವರು ಸದಸ್ಯರಾಗುವಂತಿಲ್ಲ. ಅಧ್ಯಕ್ಷರನ್ನು ಲೋಕಸಭಾಧ್ಯಕ್ಷರು ನೇಮಿಸುತ್ತಾರೆ. 1967ರಿಂದ ವಿರೋಧ ಪಕ್ಷದ ಸದಸ್ಯರನ್ನು ಈ ಸ್ಥಾನಕ್ಕೆ ನೇಮಿಸುವ ಸಂಪ್ರದಾಯ ಬೆಳೆದುಬಂದಿದೆ. ಆ ವರ್ಷ ಮೀನೂ ಮಸಾನಿಯವರು ಅಧ್ಯಕ್ಷರಾದರು. ಕರ್ನಾಟಕದ ಮಲ್ಲಿಕಾರ್ಜುನ ಖರ್ಗೆಯವರು 2017ರಿಂದ 2019ರವರೆಗೆ ಈ ಹೊಣೆಯನ್ನು ನಿರ್ವಹಿಸಿದರು.

ಕಾರ್ಯಗಳು

ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೇಖಪಾಲರ ವರದಿಗಳು 151ನೆಯ ಅನುಚ್ಛೇದದಂತೆ ಸದನಗಳ ಮುಂದೆ ಮಂಡಿತವಾಗುತ್ತವೆ. ಈ ವರದಿಗಳನ್ನೂ ಧನವಿನಿಯೋಗ ಲೆಕ್ಕಗಳನ್ನೂ ಪರಿಶೀಲಿಸುವಾಗ ಸಮಿತಿಯು ಮುಖ್ಯವಾಗಿ ಈ ಅಂಶಗಳನ್ನು ಖಚಿತಪಡಿಸಿಕೊಳ್ಳುತ್ತದೆ:

1. ವೆಚ್ಚವಾದ ಹಣವು ಆ ಕಾರ್ಯಕ್ಕೆ ಕಾನೂನುಬದ್ಧವಾಗಿ ಲಭ್ಯವಿತ್ತೇ?
2. ವೆಚ್ಚವು ಸಕ್ಷಮ ಪ್ರಾಧಿಕಾರದ ಮಂಜೂರಾತಿಗೆ ಅನುಗುಣವಾಗಿದೆಯೇ?
3. ಪುನರ್ವಿನಿಯೋಗವು ನಿಯಮಗಳಂತೆ ನಡೆದಿದೆಯೇ?

ಮಂಜೂರಾತಿಯನ್ನು ಮೀರಿ ವೆಚ್ಚವಾಗಿದ್ದಲ್ಲಿ ಅದಕ್ಕೆ ಕಾರಣವಾದ ಸಂದರ್ಭಗಳನ್ನೂ ಸಮಿತಿಯು ಪರಿಶೀಲಿಸಿ ಶಿಫಾರಸು ಮಾಡುತ್ತದೆ. ಲೆಕ್ಕಪತ್ರದ ತಾಂತ್ರಿಕ ದೋಷಗಳಲ್ಲದೆ ದುಂದುವೆಚ್ಚ ಮತ್ತು ನಷ್ಟಗಳ ಬಗ್ಗೆಯೂ ಅದು ವಿಚಾರಣೆ ನಡೆಸಬಹುದು.

ಅಧಿಕಾರಗಳು

ಸಮಿತಿಯು ಇಲಾಖೆಗಳ ಅಧಿಕಾರಿಗಳನ್ನು ಸಾಕ್ಷ್ಯಕ್ಕಾಗಿ ಕರೆಸಬಹುದು, ದಾಖಲೆಗಳನ್ನು ತರಿಸಿಕೊಳ್ಳಬಹುದು. ಆದರೆ ರಾಷ್ಟ್ರದ ಭದ್ರತೆಗೆ ಅಥವಾ ಹಿತಕ್ಕೆ ಧಕ್ಕೆಯಾಗುವುದೆಂಬ ಕಾರಣದಿಂದ ಸರ್ಕಾರವು ದಾಖಲೆಯನ್ನು ಒದಗಿಸಲು ನಿರಾಕರಿಸಬಹುದು. ಸಚಿವರನ್ನು ಸಾಕ್ಷ್ಯಕ್ಕೆ ಕರೆಯುವ ಪದ್ಧತಿಯಿಲ್ಲ. ಸಭೆಗಳು ಗೋಪ್ಯವಾಗಿ ನಡೆಯುತ್ತವೆ.

ಮಿತಿಗಳು

ಸಮಿತಿಯು ಸರ್ಕಾರದ ನೀತಿಯ ಔಚಿತ್ಯವನ್ನು ಪ್ರಶ್ನಿಸುವುದಿಲ್ಲ. ಹಣ ವೆಚ್ಚವಾದ ನಂತರವಷ್ಟೇ ಪರಿಶೀಲನೆ ನಡೆಯುವುದರಿಂದ ಅದನ್ನು ತಡೆಯುವ ಅಧಿಕಾರವೂ ಅದಕ್ಕಿಲ್ಲ. ಶಿಫಾರಸುಗಳು ಸಲಹಾತ್ಮಕವೇ ಹೊರತು ಸರ್ಕಾರವನ್ನು ಬದ್ಧಗೊಳಿಸುವುದಿಲ್ಲ.

ಅನುಪಾಲನೆ

ಆದಾಗ್ಯೂ ಶಿಫಾರಸುಗಳನ್ನು ಕಡೆಗಣಿಸುವುದು ಸುಲಭವಲ್ಲ. ಕೈಗೊಂಡ ಕ್ರಮದ ಬಗ್ಗೆ, ಒಪ್ಪದಿದ್ದಲ್ಲಿ ಅದಕ್ಕೆ ಕಾರಣಗಳ ಬಗ್ಗೆ, ಸಂಬಂಧಿಸಿದ ಸಚಿವಾಲಯವು ಆರು ತಿಂಗಳೊಳಗೆ ಟಿಪ್ಪಣಿ ಸಲ್ಲಿಸತಕ್ಕದ್ದು. ಸದರಿ ಉತ್ತರಗಳನ್ನು ಪರಿಶೀಲಿಸಿದ ಸಮಿತಿಯು ಅನುಪಾಲನಾ ವರದಿಯನ್ನು ಸದನದಲ್ಲಿ ಮಂಡಿಸುತ್ತದೆ. ಮಂಡನೆಯಾದ ವರದಿಯು ಸಾರ್ವಜನಿಕ ದಾಖಲೆಯಾಗುವುದರಿಂದ, ತೆರಿಗೆ ಕಟ್ಟಿದ ನಾಗರಿಕರು ತಮ್ಮ ಹಣದ ವಿನಿಯೋಗದ ಬಗ್ಗೆ ಸರ್ಕಾರ ನೀಡಿದ ಉತ್ತರವನ್ನು ಓದಿ ತಿಳಿಯಬಹುದಾಗಿದೆ.

ರಾಜ್ಯದಲ್ಲಿ

ಕರ್ನಾಟಕ ವಿಧಾನಮಂಡಲದಲ್ಲಿಯೂ ಇದೇ ಹೆಸರಿನ ಸಮಿತಿಯಿದ್ದು, ರಾಜ್ಯಪಾಲರಿಗೆ ಸಲ್ಲಿಕೆಯಾಗಿ ವಿಧಾನಮಂಡಲದ ಮುಂದೆ ಮಂಡಿತವಾಗುವ ಲೆಕ್ಕಪರಿಶೋಧನಾ ವರದಿಗಳನ್ನು ಅದು ಪರಿಶೀಲಿಸುತ್ತದೆ.