ಉರು: ದೈವಸ್ಥಾನಗಳ ಪ್ರಾಣಿಮೂರ್ತಿಗಳು

ಕುಂದಾಪುರ, ಬ್ರಹ್ಮಾವರ ಸೀಮೆಯ ದೈವಸ್ಥಾನಗಳಲ್ಲಿ ಆರಾಧನೆಗೆಂದು ಮರದಲ್ಲಿ ಕೆತ್ತಿ ಬಣ್ಣ ಹಚ್ಚಿ ನಿಲ್ಲಿಸುವ ಮೂರ್ತಿಗೆ ಉರು ಎಂದು ಹೆಸರು. ಮನುಷ್ಯರೂಪದ ಉರುಗಳ ನಡುವೆ ಹಂದಿ, ಹುಲಿ, ನಂದಿ, ಕುದುರೆಗಳೂ ನಿಲ್ಲುತ್ತವೆ. ಕೆತ್ತನೆಗೆ ಹಲಸಿನ ಮರ ಪ್ರಶಸ್ತ. ಅದು ಗೆದ್ದಲಿಗೆ ಬೇಗ ಸೋಲುವುದಿಲ್ಲ. ಕೆಂಪು ಮೈ, ಉಬ್ಬಿದ ಕಣ್ಣು, ಹೊರಚಾಚಿದ ನಾಲಿಗೆ ದೂರದಿಂದಲೇ ಎದ್ದು ಕಾಣುತ್ತವೆ. ದೈವ ಮೈದುಂಬಿ ಕುಣಿಯುವ ಕೋಲದಲ್ಲಿ ಬಳಸುವ ಲೋಹದ ಮುಖವಾಡವಾದ ಮೊಗ ಇದಕ್ಕಿಂತ ಬೇರೆ.

ಪ್ರಾಣಿರೂಪದ ದೈವಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಪಂಜುರ್ಲಿ. ತುಳುವಿನಲ್ಲಿ ಪಂಜಿ ಎಂದರೆ ಹಂದಿ. ಪಂಜಿಯ ಕುರ್ಲೆ, ಅಂದರೆ ಹಂದಿಮರಿ, ಎಂಬುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ದೈವಗಳ ಕಥೆ ಹೇಳುವ ತುಳು ಹಾಡುಗಳಾದ ಪಾಡ್ದನಗಳ ಒಂದು ಪಾಠದಲ್ಲಿ ಪಾರ್ವತಿ ಮುದ್ದಿನಿಂದ ಸಾಕಿದ ಮರಿ ಬೆಳೆದು ಶಿವನ ತೋಟವನ್ನೇ ಹಾಳುಮಾಡುತ್ತದೆ. ಕೋಪಗೊಂಡ ಶಿವ ಅದನ್ನು ಭೂಮಿಗೆ ಕಳುಹಿಸಿ ಜನರನ್ನು ಕಾಯುವ ಕೆಲಸ ಒಪ್ಪಿಸುತ್ತಾನೆ. ಬೆಳೆ ತಿಂದದ್ದೇ ಬೆಳೆ ಕಾಯುವ ದೈವವಾಯಿತು. ಘಟ್ಟದ ಬುಡದಲ್ಲಿರುವ ಸಿದ್ದಾಪುರದಂಥ ಊರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಹಂದಿ ನುಗ್ಗಿದ ಗದ್ದೆಯನ್ನು ಬೆಳಿಗ್ಗೆ ನೋಡಿದವರಿಗೆ ಅದರ ಭಯವೂ ಗೊತ್ತು, ಹರಕೆಯೂ ಗೊತ್ತು. ಈ ಸೀಮೆಯ ಹೊಳೆಯ ಹೆಸರೂ ವರಾಹವನ್ನು, ಅಂದರೆ ಹಂದಿಯನ್ನು, ನೆನಪಿಸುವ ವಾರಾಹಿ. ಹಟ್ಟಿಯ ದನಕ್ಕೆ ಎರಗುವ ಹುಲಿ ಪಿಲಿಚಾಮುಂಡಿಯಾಗಿ ಪೂಜೆಗೊಳ್ಳುವುದರ ಹಿಂದೆಯೂ ಇದೇ ನ್ಯಾಯವಿದೆ. ನಂದಿಯದು ಬೇರೆ ದಾರಿ: ಅದು ಶಿವನ ವಾಹನ, ಉಳುವವನ ಜೊತೆಗಾರ.

ಚೀನಾದ ಹಳೆಯ ಪಿಂಗಾಣಿ ಪ್ರಾಣಿಗಳ ಪಕ್ಕದಲ್ಲಿಟ್ಟು ನೋಡಿದರೆ ಉರುವಿನ ಸ್ವಭಾವ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಹಲವು ಪ್ರಾಣಿಗಳ ಅರ್ಥ ಹುಟ್ಟುವುದು ಉಚ್ಚಾರದ ಸಾಮ್ಯದಿಂದ. ಬಾವಲಿಯ ಹೆಸರೂ ಭಾಗ್ಯವೆಂಬ ಮಾತೂ 'ಫು'. ಮೀನೂ ಸಮೃದ್ಧಿಯೂ 'ಯು'. ಜೋಡಿ ಸಿಂಹಗಳಲ್ಲಿ ಗಂಡಿನ ಕಾಲಡಿ ಚೆಂಡು, ಹೆಣ್ಣಿನ ಕಾಲಡಿ ಮರಿ. ಎರಡೂ ಸೇರಿ ಬಾಗಿಲು ಕಾಯುತ್ತವೆ. ಕಾಯುವ ಕೆಲಸ ಉರುವಿಗೂ ಉಂಟು. ಆದರೆ ಅದರ ಅರ್ಥ ಶಬ್ದದ ಆಟದಲ್ಲಿಲ್ಲ, ಪಾಡ್ದನದಲ್ಲಿದೆ. ಹಾಡು ಕೇಳದೆ ಉರು ನೋಡಿದರೆ ಕಂಡದ್ದು ಅರ್ಧವೇ. ಬ್ರಿಟಿಷ್ ವಿದ್ವಾಂಸ ಎ. ಸಿ. ಬರ್ನೆಲ್ ಸಂಗ್ರಹಿಸಿದ ತುಳು ಪಾಡ್ದನಗಳು 1894ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚಾದವು. ಉರುಗಳ ಅಭ್ಯಾಸಕ್ಕೆ ಇಂದಿಗೂ ಅವು ಬೇಕು.

ಪಿಂಗಾಣಿ ಹಳತಾದಷ್ಟೂ ಬೆಲೆ ಏರುತ್ತದೆ. ಉರುವಿಗೆ ಆ ಲೆಕ್ಕವಿಲ್ಲ. ಮರ ಶಿಥಿಲವಾದರೆ ಹೊಸದನ್ನು ಕೆತ್ತಿಸಿ ಪ್ರತಿಷ್ಠೆ ಮಾಡುತ್ತಾರೆ. ಹಳತನ್ನು ನೀರಿಗೋ ಕಾಡಿಗೋ ಬಿಡುವುದು ರೂಢಿ. ಹೀಗಾಗಿ ಬಹಳ ಹಳೆಯ ಉರುಗಳು ಸಿಗುವುದು ಅಪರೂಪ.

ಈ ಕಲೆಯ ಬಹು ದೊಡ್ಡ ನೆಲೆ ಬ್ರಹ್ಮಾವರ ತಾಲ್ಲೂಕಿನ ಶಿರಿಯಾರದ ಬಳಿಯ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನ. ಅಲ್ಲಿ ಸಾಲುಸಾಲಾಗಿ ನಿಂತ ಆಳೆತ್ತರದ ಉರುಗಳ ನಡುವೆ ಹೋದವರಿಗೆ ಒಂದು ದೊಡ್ಡ ಪರಿವಾರವೇ ಎದುರು ನಿಂತಂತಾಗುತ್ತದೆ. ಅಲ್ಲಿಯ ಹಳೆಯ ಉರುಗಳಲ್ಲಿ ಹಲವು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಮಳೆಗೆ ಕರಗಿ ಹೋಗಬಹುದಾಗಿದ್ದ ಕೆತ್ತನೆ ಉಳಿಯಿತೆಂಬುದು ಸಮಾಧಾನದ ಸಂಗತಿ. 2022ರಲ್ಲಿ ತೆರೆಕಂಡ 'ಕಾಂತಾರ' ಚಿತ್ರದಿಂದ ಪಂಜುರ್ಲಿಯ ಹೆಸರು ಕರಾವಳಿಯಾಚೆಗೂ ಹಬ್ಬಿತು. ಇತ್ತ ಮೆಕ್ಕೆಕಟ್ಟಿನಲ್ಲಿ ಹಳೆಯವುಗಳ ಜಾಗದಲ್ಲಿ ನಿಂತ ಹೊಸ ಉರುಗಳಿಗೆ ಪೂಜೆ ನಡೆಯುತ್ತಿದೆ.